ಆಟದ ಮಟ್ಟೂ ವಾದ್ಯವೃಂದವೂ

ಸಂಗೀತದ ವಿಷಯದಲ್ಲಿ ಕುಲವನ್ನು ಕೇಳುವ ಅಭ್ಯಾಸವು ಸುಶಿಕ್ಷಿತರ ಮನೆಗಳನ್ನು ಇನ್ನೂ ಬಿಟ್ಟುಹೋಗಿಲ್ಲ. ಒಂದು ಮಟ್ಟು ಕಿವಿಗೆ ಬಿದ್ದೊಡನೆ, ಅದು ಇಂಪಾಗಿದೆಯೇ, ಅದರೊಳಗೆ ಬೆಳೆಯತಕ್ಕ ಬೀಜವಿದೆಯೇ ಎಂಬುದನ್ನು ನೋಡುವ ಮೊದಲೇ, ಅದು ಎಲ್ಲಿ ಹುಟ್ಟಿತು, ಯಾರ ಕೈಯಲ್ಲಿತ್ತು, ಏತಕ್ಕಾಗಿ ಮಾಡಲ್ಪಟ್ಟಿತು ಎಂಬ ವಿಚಾರಣೆಯು ತೊಡಗುವುದು. ಈಗ ಈ ವಿಚಾರಣೆಗೆ ಸಿಕ್ಕಿರುವುದು ವಿಡಿಯೋ ಆಟಗಳ ಸಂಗೀತ. ಕಬ್ಬೂರ, ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿಗಳ ಮನೆಗಳಲ್ಲಿ ಹುಡುಗರ ಕೈಯೊಳಗಿನ ಮೊಬೈಲಿನಿಂದ ಆಟದ ಮಟ್ಟೊಂದು ಸುತ್ತಿ ಸುತ್ತಿ ಕೇಳುತ್ತಿರುವುದು. ‘‘ಆ ಗದ್ಲ ಬಂದ್ ಮಾಡೋ ತಮ್ಮಾ’’ ಎಂದು ಹಿರಿಯರು ಒಳಗಿನಿಂದ ಕೂಗುತ್ತಿರುವರು. ಇಂಥ ಮಟ್ಟುಗಳನ್ನೇ ವಸ್ತುವಾಗಿ ಹಿಡಿದು ದೊಡ್ಡ ವಾದ್ಯವೃಂದಗಳಿಗೆ ರೂಪಾಂತರಗಳನ್ನು ರಚಿಸುವವರು ಜಗತ್ತಿನಲ್ಲಿರುವರೆಂದೂ, ಈ ಸೀಮೆಯ ತರುಣರಲ್ಲಿಯೂ ಆ ಆಸೆ ಹುಟ್ಟಿದರೆ ಅದು ತಪ್ಪಲ್ಲವೆಂದೂ ಹೇಳಿದರೆ ಆ ಹಿರಿಯರು ನಗುವರು. ಆ ನಗೆಗೆ ಆಧಾರವಿಲ್ಲವೆಂಬುದನ್ನೂ, ಅದೇ ಸಂಗೀತವನ್ನು ತಲೆಯ ಮೇಲೆ ಹೊತ್ತು ಕುಣಿಯುವವರ ಹೊಗಳಿಕೆಗೂ ಅಷ್ಟೇ ಆಧಾರವಿಲ್ಲವೆಂಬುದನ್ನೂ ತೋರಿಸುವ ಅವಶ್ಯಕತೆಯುಂಟು.

ಮೊದಲು ಶಬ್ದಗಳ ನಿರ್ಣಯವಾಗಲಿ. ಈ ಜಿಲ್ಲೆಯಲ್ಲಿ ‘ಆರ್ಕೆಸ್ಟ್ರಾ’ ಎಂದರೆ ಜಾತ್ರೆಯ ರಾತ್ರಿ ಚಲನಚಿತ್ರದ ಹಾಡುಗಳನ್ನು ಹಾಡುವ ಮೇಳವೆಂದು ರೂಢಿ. ಇಲ್ಲಿ ಆ ಅರ್ಥವಲ್ಲ. ಭರತಮುನಿಯು ‘ಕುತಪ’ವೆಂದೂ ಶಾರ್ಙ್ಗದೇವನು ‘ವೃಂದ’ವೆಂದೂ ಕರೆದ, ಅನೇಕ ವಾದ್ಯಗಳು ಒಂದೇ ರಚನೆಗೆ ಅಧೀನವಾಗಿ ನುಡಿಯುವ ಸಮೂಹವೆಂದೇ ಅರ್ಥ. ತತ, ಸುಷಿರ, ಅವನದ್ಧ, ಘನವೆಂಬ ನಾಲ್ಕು ಜಾತಿಯ ವಾದ್ಯಗಳೂ ಯುರೋಪಿನ ವೃಂದದಲ್ಲಿರುವುವು. ಅವುಗಳೊಳಗೆ ಕಮಾನಿನಿಂದ ನುಡಿಸುವ ತಂತಿವಾದ್ಯಗಳೇ ಹೆಚ್ಚು.

ರೂಪಾಂತರಮಾಲೆಯೆಂದರೆ, ಒಂದು ಚಿಕ್ಕ ಮಟ್ಟನ್ನು ಮೊದಲು ನೆಟ್ಟಗೆ ನುಡಿಸಿ, ಬಳಿಕ ಅದನ್ನೇ ಒಂದಾದ ಮೇಲೊಂದು ವೇಷದಲ್ಲಿ ರಂಗಕ್ಕೆ ತರುವುದು. ಒಮ್ಮೆ ಅದರ ದೊಡ್ಡ ಸ್ವರಗಳ ನಡುವೆ ಚಿಕ್ಕ ಸ್ವರಗಳನ್ನು ಪೋಣಿಸುವರು. ಒಮ್ಮೆ ಲಯವನ್ನು ಅರ್ಧಕ್ಕಿಳಿಸುವರು, ಇಲ್ಲವೆ ದುಪ್ಪಟ್ಟು ಮಾಡುವರು. ಒಮ್ಮೆ ಬಿಲಾವಲ ಥಾಟಿನಂತಿದ್ದುದನ್ನು ಗಾಂಧಾರ, ಧೈವತ, ನಿಷಾದಗಳನ್ನು ಕೋಮಲ ಮಾಡಿ ಆಸಾವರಿ ಥಾಟಿನ ಛಾಯೆಗೆ ತರುವರು. ಒಮ್ಮೆ ಏರುವ ಸ್ವರಗಳನ್ನು ಇಳಿಸಿ, ಇಳಿಯುವ ಸ್ವರಗಳನ್ನು ಏರಿಸುವರು. ಮತ್ತೊಮ್ಮೆ ಮಟ್ಟನ್ನೇ ಮುಚ್ಚಿಟ್ಟು, ಅದರ ಅಡಿಯಲ್ಲಿದ್ದ ಮಂದ್ರಸ್ವರಗಳ ನಡೆಯನ್ನು ಮಾತ್ರ ಉಳಿಸಿ ಮೇಲೆ ಹೊಸದೊಂದನ್ನು ಕಟ್ಟುವರು. ತಬಲಾ ಬಲ್ಲವರಿಗೆ ಕಾಯದಾ-ಪಲಟಾಗಳ ಸಂಬಂಧವು ತಿಳಿದೇ ಇರುವುದು. ತ್ಯಾಗರಾಜರ ಕೀರ್ತನೆಗಳಲ್ಲಿ ಒಂದೇ ಪಂಕ್ತಿಯು ಸಂಗತಿಯಿಂದ ಸಂಗತಿಗೆ ಬೆಳೆಯುವುದೂ ಈ ಜಾತಿಯದೇ. ಆದುದರಿಂದ ಈ ಕಲೆಯು ಪರಕೀಯವೆಂಬ ಮಾತು ಮೊದಲಿಗೇ ನಿಲ್ಲುವಂತಿಲ್ಲ. ಹೆಸರು ಬೇರೆ, ಸಾಮಗ್ರಿ ಬೇರೆ, ವ್ಯಾಪಾರವು ಒಂದೇ.

ಇನ್ನು ಆಟದ ಸಂಗೀತದ ಸಂಗತಿ. 1983ರಲ್ಲಿ ಜಪಾನಿನ ನಿಂಟೆಂಡೊ ಸಂಸ್ಥೆಯು ಹೊರತಂದ ಮನೆಯಾಟದ ಯಂತ್ರವು ಏಕಕಾಲಕ್ಕೆ ಮೂರು ಸ್ವರಧಾರೆಗಳನ್ನು ಮಾತ್ರ ನುಡಿಯಬಲ್ಲುದಾಗಿತ್ತು. ತಾಳಕ್ಕೆ ಬುಸುಗುಟ್ಟುವ ಸದ್ದೊಂದು, ಮೇಲೆ ಮುದ್ರಿತ ಧ್ವನಿಯ ಚಿಕ್ಕ ತುಣುಕುಗಳಿಗೊಂದು ಎಡೆ, ಇಷ್ಟೇ ಅದರ ಐಶ್ವರ್ಯ. ಸ್ಮೃತಿಕೋಶವು ಅತ್ಯಲ್ಪವಾದುದರಿಂದ ಸಂಗೀತವು ಕೆಲವೇ ಕ್ಷಣಗಳದಾಗಿರಬೇಕು, ಮುಗಿದ ಕೂಡಲೆ ಮೊದಲಿಗೆ ಮರಳಬೇಕು, ನೂರು ಸಲ ಮರಳಿದರೂ ಆಡುವವನಿಗೆ ಬೇಸರ ತರಬಾರದು. ಈ ಇಕ್ಕಟ್ಟಿನಲ್ಲಿ ಕೋಜಿ ಕೊಂಡೊ ಎಂಬವರು 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟಕ್ಕೆ ಕಟ್ಟಿದ ಮಟ್ಟನ್ನು ಅಮೇರಿಕೆಯ ರಾಷ್ಟ್ರೀಯ ಗ್ರಂಥಾಲಯವು 2023ರಲ್ಲಿ ಸಂರಕ್ಷಣೀಯ ಧ್ವನಿಮುದ್ರಣಗಳ ಸಾಲಿಗೆ ಸೇರಿಸಿತು; ಆಟದ ಸಂಗೀತಕ್ಕೆ ಆ ಮಾನ್ಯತೆ ದೊರೆತುದು ಅದೇ ಮೊದಲು. ಕೊಯಿಚಿ ಸುಗಿಯಾಮಾ ಎಂಬವರು 1986ರ ‘ಡ್ರ್ಯಾಗನ್ ಕ್ವೆಸ್ಟ್’ ಆಟಕ್ಕೆ ಮಾಡಿದ ಸಂಗೀತವು ಮರುವರ್ಷವೇ, 1987ರಲ್ಲಿ, ವಾದ್ಯವೃಂದದ ಸಭೆಯನ್ನೇರಿತು. 2003ರಲ್ಲಿ ಜರ್ಮನಿಯ ಲೈಪ್ಜಿಗ್ ನಗರದಲ್ಲಿ ಜಪಾನಿನ ಹೊರಗಿನ ಮೊದಲ ಇಂಥ ಕಛೇರಿಯು ನಡೆಯಿತು. 2021ರಲ್ಲಿ ಟೋಕಿಯೋದಲ್ಲಿ ಜರುಗಿದ ಒಲಿಂಪಿಕ್ ಕ್ರೀಡೆಗಳ ಆರಂಭದ ದಿನ, ದೇಶದೇಶಗಳ ಆಟಗಾರರು ಮೆರವಣಿಗೆಯಲ್ಲಿ ನಡೆದು ಬಂದುದು ಈ ಮಟ್ಟುಗಳಿಗೆ ಹೆಜ್ಜೆಯಿಟ್ಟೇ. ಒಂದು ಆಟಿಕೆಯೊಳಗಿಂದ ಹೊರಟುದು ನಾಲ್ವತ್ತು ವರ್ಷಗಳೊಳಗಾಗಿ ಒಂದು ರಾಷ್ಟ್ರದ ಮಂಗಳವಾದ್ಯವಾದ ಕಥೆಯಿದು.

ಇದಕ್ಕೆ ಆಕ್ಷೇಪಿಸುವವರ ಪೂರ್ವಪಕ್ಷವು ನಾಲ್ಕು ಬಗೆಯಾಗಿದೆ. ಆಟವು ವ್ಯಸನ, ಆದುದರಿಂದ ಅದರ ಸಂಗೀತವೂ ದೂಷಿತವೆಂಬುದು ಒಂದು. ಅದು ವ್ಯಾಪಾರಕ್ಕಾಗಿ ಯಂತ್ರದಲ್ಲಿ ಹುಟ್ಟಿದ್ದೆಂಬುದು ಎರಡು. ಒಂದನ್ನೇ ತಿರುತಿರುಗಿ ನುಡಿಯುವುದರಲ್ಲಿ ಸಂಗೀತವೆಲ್ಲಿಯದೆಂಬುದು ಮೂರು. ರಾಗಶುದ್ಧಿಯಿಲ್ಲದ ಪರದೇಶದ ಸರಕನ್ನು ಮುಟ್ಟಿದರೆ ಸ್ವಂತದ್ದು ಕೆಡುವುದೆಂಬುದು ನಾಲ್ಕು. ಇವುಗಳನ್ನು ಕ್ರಮವಾಗಿ ವಿಚಾರಿಸೋಣವಾಗಲಿ.

ಆಟವು ವ್ಯಸನವಾಗಬಹುದೆಂಬುದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ 2025ರಲ್ಲಿ ಭಾರತದ ಸಂಸತ್ತು ಕಾಯಿದೆ ಮಾಡಿದುದು ಕಾರಣವಿಲ್ಲದೆ ಅಲ್ಲ. ಆದರೆ ವ್ಯಸನದ ದೋಷವು ಮಟ್ಟಿಗೆ ಅಂಟುವುದೆಂಬುದಕ್ಕೆ ಪ್ರಮಾಣವೇನು? ಇದೇ ಬೆಳಗಾವಿ ಸೀಮೆಯಲ್ಲಿ ನೂರು ವರ್ಷಗಳ ಹಿಂದೆ ನಾಟಕವು ಮರ್ಯಾದಸ್ಥರ ಮಕ್ಕಳು ಸೇರಬಾರದ ಸ್ಥಳವಾಗಿತ್ತು. ನಿದ್ದೆ ಕೆಡುವುದು, ದುಡ್ಡು ಹೋಗುವುದು, ನಡತೆ ಕೆಡುವುದು—ಇಂದು ಮೊಬೈಲಿನ ಆಟದ ಮೇಲೆ ಹೊರಿಸುವ ಒಂದೊಂದು ಆರೋಪವನ್ನೂ ಅಂದು ಕಂಪನಿ ನಾಟಕದ ಮೇಲೆ ಹೊರಿಸುತ್ತಿದ್ದರು. ಹೀಗಿದ್ದರೂ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ‘ಶಾಕುಂತಲ’ವನ್ನೂ 1882ರಲ್ಲಿ ‘ಸೌಭದ್ರ’ವನ್ನೂ ಆಡಿಸಿದಾಗ, ಅವರ ಪದಗಳ ಮಟ್ಟುಗಳಲ್ಲಿ ಕರ್ನಾಟಕದ ಧಾಟಿಗಳು ಸೇರಿ ಮರಾಠಿ ರಂಗದ ಮೇಲೆ ಮೆರೆದುವು. 1916ರ ‘ಸ್ವಯಂವರ’ ನಾಟಕದ ಪದಗಳಿಗೆ ಭಾಸ್ಕರಬುವಾ ಬಖಲೆಯವರಂಥ ಗವಾಯಿಗಳೇ ಧಾಟಿ ಕೂಡಿಸಿದರು. ನಾಟಕದ ಪದವನ್ನು ಬೈಠಕ್ಕಿನಲ್ಲಿ ಘನವಾಗಿ ಬೆಳೆಸಿ ಹಾಡುವುದು ಅಂದಿನಿಂದ ರೂಢಿಗೆ ಬಂದಿತು. ಇಡೀ ದೇಶವು ತಲೆಬಾಗಿದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ಸೇರಿದುದೂ ನಾಟಕ ಕಂಪನಿಯನ್ನೇ. ರಂಗದ ದೋಷವು ರಂಗದಲ್ಲಿಯೇ ಉಳಿಯಿತು. ಧಾಟಿಯು ಬೈಠಕ್ಕಿಗೆ ಬಂದು ಕುಳಿತಿತು. ಆಟದ ದೋಷಕ್ಕೆ ಆಟವನ್ನು ನಿಯಮಿಸತಕ್ಕದ್ದು, ಮಟ್ಟನ್ನು ಶಿಕ್ಷಿಸತಕ್ಕದ್ದಲ್ಲ.

ಎರಡನೆಯ ಆಕ್ಷೇಪವು ವ್ಯಾಪಾರ ಮತ್ತು ಯಂತ್ರಗಳದು. ವ್ಯಾಪಾರದಲ್ಲಿ ಹುಟ್ಟಿದುದರಿಂದ ಕಲೆ ಹುಟ್ಟಲಾರದೆಂಬವರು ಡಿಯಾಬೆಲ್ಲಿಯ ಕಥೆಯನ್ನು ಕೇಳಬೇಕು. ವಿಯೆನ್ನಾ ನಗರದ ಸಂಗೀತಪ್ರಕಾಶಕನಾದ ಆ್ಯಂಟನ್ ಡಿಯಾಬೆಲ್ಲಿಯು 1819ರಲ್ಲಿ ತಾನೇ ಒಂದು ಸಾಮಾನ್ಯವಾದ ಕುಣಿತದ ಮಟ್ಟನ್ನು ಬರೆದು, ಆಸ್ಟ್ರಿಯದ ಸಂಗೀತಗಾರರಿಗೆಲ್ಲ ಕಳಿಸಿ, ತಲೆಗೊಂದು ರೂಪಾಂತರವನ್ನು ಬರೆದು ಕೊಡಬೇಕೆಂದು ಕೇಳಿದನು. ಅಚ್ಚು ಹಾಕಿ ಮಾರುವುದೇ ಅವನ ಉದ್ದೇಶ. ಸುಮಾರು ಐವತ್ತು ಜನರು ಒಂದೊಂದನ್ನು ಕೊಟ್ಟರು. ಬೇಥೋವನ್ ಒಬ್ಬನೇ ಮೂವತ್ತಮೂರು ರೂಪಾಂತರಗಳನ್ನು ರಚಿಸಿದನು. 1823ರಲ್ಲಿ ಪ್ರಕಟವಾದ ಆ ಮಾಲೆಯು ಪಿಯಾನೋ ವಾದ್ಯದ ಮಹಾಕೃತಿಗಳಲ್ಲೊಂದಾಗಿ ನಿಂತಿದೆ. ಮೂಲದ ಮಟ್ಟು ಇಂದಿಗೂ ಸಾಮಾನ್ಯವೇ. ಮೊಜಾರ್ಟನು ಫ್ರಾನ್ಸಿನ ಮಕ್ಕಳ ಹಾಡೊಂದನ್ನು ಹಿಡಿದು ಹನ್ನೆರಡು ರೂಪಾಂತರಗಳನ್ನು ಮಾಡಿದನು; ಇಂದು ಇಂಗ್ಲಿಷ್ ಶಾಲೆಗೆ ಹೋಗುವ ಕಬ್ಬೂರದ ಕೂಸು ನಕ್ಷತ್ರವನ್ನು ಕುರಿತು ಹಾಡುವ ಧಾಟಿಯೂ ಅದೇ. ವಾದ್ಯವೃಂದಕ್ಕೆ ಬರೆದ ರೂಪಾಂತರಗಳಲ್ಲಿ ಹೆಸರಾದ ಬ್ರಾಮ್ಸನ 1873ರ ಕೃತಿಗೆ ‘ಹೈಡನ್ನನ ಮಟ್ಟು’ ಎಂದು ಹೆಸರಿದ್ದರೂ ಆ ಮಟ್ಟು ಹೈಡನ್ನನದಲ್ಲವೆಂಬುದೇ ಈಗಿನ ಪಂಡಿತರ ಅಭಿಪ್ರಾಯ. ಮೂಲಪುರುಷನು ಯಾರೆಂಬುದು ಸಂದೇಹಕ್ಕೆ ಬಿದ್ದರೂ ಕೃತಿಯ ಬೆಲೆ ಒಂದು ಕಾಸೂ ಇಳಿಯಲಿಲ್ಲ. ಕುಲವಿಚಾರಣೆಯು ನಿರರ್ಥಕವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನವು ಬೇಕೆ?

ಯಂತ್ರದ ಮಾತನ್ನಂತೂ ಈ ಸೀಮೆಯವರು ಆಡಲೇಬಾರದು. ಪೇಟಿಯೆಂದು ಮನೆಮನೆಯಲ್ಲಿ ಕರೆಯುವ ಹಾರ್ಮೋನಿಯಮ್ಮು ಯುರೋಪಿನಿಂದ ಬಂದ ಯಂತ್ರ. ಅದಕ್ಕೆ ಮೀಂಡು ಬಾರದು, ಶ್ರುತಿಗಳ ಸೂಕ್ಷ್ಮವು ತಿಳಿಯದು ಎಂದು ಆಕಾಶವಾಣಿಯು 1940ರಲ್ಲಿ ಅದನ್ನು ಬಹಿಷ್ಕರಿಸಿತು; 1971ರ ವರೆಗೂ ಆ ಬಹಿಷ್ಕಾರವು ನಡೆಯಿತು. ಆ ಮೂವತ್ತು ವರ್ಷಗಳಲ್ಲಿ ಭಜನೆಯವರು ಪೇಟಿಯನ್ನು ಬಾವಿಗೆ ಎಸೆದರೇನು? ಶ್ರೀಕೃಷ್ಣ ಪಾರಿಜಾತದ ಮೇಳದವರು ಅದನ್ನು ಬಿಟ್ಟು ಹಾಡಿದರೇನು? ಇಂದು ಅದೇ ಪೇಟಿಯನ್ನು ಸನಾತನವಾದ್ಯವೆಂಬಂತೆ ಪಕ್ಕದಲ್ಲಿಟ್ಟುಕೊಂಡು, ಮಗನ ಕೈಯೊಳಗಿನ ಯಂತ್ರದ ಧ್ವನಿಯನ್ನು ಹಳಿಯುವುದು ಹಾಸ್ಯಾಸ್ಪದವಲ್ಲವೆ? ಅದಲ್ಲದೆ, ಮೂರೇ ಸ್ವರಧಾರೆಗಳ ಆ ಹಳೆಯ ಯಂತ್ರವು ಒಂದು ಉಪಕಾರವನ್ನೂ ಮಾಡಿತು. ಘೋಷದಿಂದ ಕಿವಿಯನ್ನು ತುಂಬಲು ಅದಕ್ಕೆ ಶಕ್ತಿಯಿರಲಿಲ್ಲ. ಆದುದರಿಂದ ರಚಿಸುವವನು ಮಟ್ಟಿನ ಎಲುಬನ್ನೇ ಗಟ್ಟಿ ಮಾಡಬೇಕಾಯಿತು. ಗಟ್ಟಿಯಾದ ಎಲುಬಿದ್ದ ಮಟ್ಟೇ ರೂಪಾಂತರಕ್ಕೆ ಒದಗತಕ್ಕದ್ದೆಂಬುದನ್ನು ಆ ಕಲೆಯನ್ನು ಬಲ್ಲವರೆಲ್ಲ ಒಪ್ಪುವರು.

ಮೂರನೆಯ ಆಕ್ಷೇಪವು ಆವೃತ್ತಿಯದು: ಒಂದೇ ತುಣುಕು ಸುತ್ತಿ ಸುತ್ತಿ ಬರುವುದೆಂಬುದು. ಹೀಗೆನ್ನುವವರು ತಬಲಾದ ಸ್ವತಂತ್ರವಾದನವನ್ನು ಕೇಳಿಯೇ ಇಲ್ಲವೆಂದು ತಿಳಿಯಬೇಕು. ಅಲ್ಲಿ ಪೇಟಿಯವನೋ ಸಾರಂಗಿಯವನೋ ಒಂದು ಲೆಹರಾವನ್ನು ಹಿಡಿದು, ಗಂಟೆಯ ವರೆಗೆ ಒಂದು ಸ್ವರವೂ ಬದಲಾಗದಂತೆ ಸುತ್ತಿಸುತ್ತಿರುವನು. ಅದನ್ನು ಜಡವೆಂದು ಯಾವ ರಸಿಕನೂ ಅನ್ನುವುದಿಲ್ಲ. ಏಕೆಂದರೆ ಅದರ ಮೇಲೆ ತಬಲಾದವನ ಕೈ ಪ್ರತಿ ಆವರ್ತಕ್ಕೂ ಹೊಸದನ್ನು ಬರೆಯುತ್ತಿರುವುದು. ಆಟದ ಸಂಗೀತವು ಲೆಹರಾ. ಆಡುವವನ ಕೈಯೇ ಅಲ್ಲಿ ತಬಲಾ. ಅವನು ಒಮ್ಮೆ ಬೀಳುವನು, ಒಮ್ಮೆ ಗೆಲ್ಲುವನು, ಒಮ್ಮೆ ಓಡುವನು. ಮಟ್ಟು ಸಮಕ್ಕೆ ಮರಳುತ್ತಲೇ ಇರುವುದು. ಹಿರಿಯರು ಒಳಗಿನಿಂದ ಕೇಳುವುದು ಲೆಹರಾವನ್ನು ಮಾತ್ರ, ಬೇಸರವಾಗುವುದು ಸಹಜ. ವಾದ್ಯವೃಂದಕ್ಕಾಗಿ ರೂಪಾಂತರಗಳನ್ನು ರಚಿಸುವವನ ಕಾರ್ಯವಾದರೂ ಏನು? ಆಡುವವನ ಕೈಯಲ್ಲಿದ್ದ ಆ ವೈವಿಧ್ಯವನ್ನು ತಂದು ಮಟ್ಟಿನೊಳಗೇ ಇರಿಸುವುದು. ಆಟದಲ್ಲಿ ಹೊರಗಿದ್ದ ಏರಿಳಿತವು ಕೃತಿಯಲ್ಲಿ ಒಳಗಾಗಬೇಕು. ಇದನ್ನು ತಿಳಿಯದೆ ಬರಿಯ ಆವೃತ್ತಿಯೆಂದು ಹಳಿಯುವುದು, ಬೀಜವನ್ನು ಕಂಡು ನೆರಳಿಲ್ಲವೆಂದು ದೂರಿದಂತೆ.

ನಾಲ್ಕನೆಯದಾದ ಪರದೇಶದ ಮಾತಿಗೆ ಮುತ್ತುಸ್ವಾಮಿ ದೀಕ್ಷಿತರೇ ಉತ್ತರವನ್ನಿತ್ತಿರುವರು. ಮಹಾವೈದಿಕರೂ ಶ್ರೀವಿದ್ಯೋಪಾಸಕರೂ ಆದ ಆ ಪುಣ್ಯಪುರುಷರು ಇಂಗ್ಲಿಷರ ಸೈನ್ಯದ ಬ್ಯಾಂಡಿನ ಮಟ್ಟುಗಳನ್ನು ಕೇಳಿ, ಅವುಗಳಿಗೆ ಸಂಸ್ಕೃತದಲ್ಲಿ ಸಾಹಿತ್ಯವನ್ನು ರಚಿಸಿ ನೊಟ್ಟುಸ್ವರಗಳೆಂಬ ಕೃತಿಸಮೂಹವನ್ನು ಬಿಟ್ಟುಹೋದರು. ಇಂಗ್ಲೆಂಡಿನ ರಾಜಗೀತೆಯ ಧಾಟಿಯೇ ಅವರ ಬಾಯಲ್ಲಿ ದೇವಿಯ ಸ್ತುತಿಯಾಯಿತು. ಸೈನಿಕರು ಬೂಟಿನಿಂದ ತುಳಿದ ಮಟ್ಟೆಂದು ಅವರು ಅದನ್ನು ದೂರವಿಡಲಿಲ್ಲ. ಮೈಸೂರಿನ ಅರಮನೆಯಲ್ಲಿಯೂ ದೇಶೀಯ ವಾದ್ಯಗಳೂ ಪಾಶ್ಚಾತ್ಯ ವಾದ್ಯಗಳೂ ಒಂದೇ ಛತ್ರದ ಕೆಳಗೆ ನುಡಿಯುತ್ತಿದ್ದುವು. ವೀಣೆ ವೆಂಕಟಗಿರಿಯಪ್ಪನವರು ‘ನಗ್ಮಾ’ಗಳೆಂಬ ವಾದ್ಯಪ್ರಬಂಧಗಳನ್ನು ರಚಿಸಿದುದು ಆ ಆಶ್ರಯದಲ್ಲಿಯೇ. ಇದರಿಂದ ಕರ್ನಾಟಕ ಸಂಗೀತವು ಕೆಟ್ಟಿತೆಂದು ಹೇಳುವ ಧೈರ್ಯವು ಯಾರಿಗಿದೆ? ಶಾಸ್ತ್ರವನ್ನೇ ಕೇಳುವುದಾದರೂ ಮತಂಗಮುನಿಯು ಬೃಹದ್ದೇಶಿಯಲ್ಲಿ ದೇಶಿಯ ಲಕ್ಷಣವನ್ನು ಹೇಳುವಾಗ, ಹೆಂಗಸರು, ಬಾಲಕರು, ಗೋವಳರು, ಅರಸರು ತಮ್ಮ ತಮ್ಮ ನಾಡಿನಲ್ಲಿ ಮನಸಾರೆ ಪ್ರೀತಿಯಿಂದ ಹಾಡಿಕೊಳ್ಳುವುದೇ ದೇಶಿಯೆಂದಿರುವನು. ಅರಸರ ಸಾಲಿನಲ್ಲಿಯೇ ಬಾಲಕರನ್ನೂ ಕೂರಿಸಿದ ಆ ಮುನಿಯ ಔದಾರ್ಯವೆಲ್ಲಿ, ಬಾಲಕರ ಮಟ್ಟೆಂಬ ಕಾರಣಕ್ಕೇ ಅದನ್ನು ಹೊರಗೆ ನಿಲ್ಲಿಸುವ ಇಂದಿನ ವಿದ್ವತ್ತೆಲ್ಲಿ!

ಇಷ್ಟೂ ದೂರ ಹೋಗಬೇಕಾಗಿಯೂ ಇಲ್ಲ. ಬೆಳಗಾವಿಯ ನೆರೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಕ್ಷಯರೋಗದಿಂದ ಹಾಡು ನಿಂತು ದೇವಾಸದಲ್ಲಿ ಮಲಗಿದ್ದ ವರ್ಷಗಳಲ್ಲಿ ಮಾಳವದ ಹಳ್ಳಿಗರ ಹಾಡುಗಳನ್ನು ಕಿವಿಗೊಟ್ಟು ಕೇಳಿದರು. ಆ ಜನಪದ ಧಾಟಿಗಳೊಳಗಿನಿಂದಲೇ ಹೊಸ ರಾಗಗಳನ್ನು ತೆಗೆದು, ಅವುಗಳಿಗೆ ಧುನ್‌ಉಗಮ ರಾಗಗಳೆಂದು ಹೆಸರಿಟ್ಟರು. 1965ರಲ್ಲಿ ಹೊರಬಂದ ಅವರ ‘ಅನೂಪ ರಾಗ ವಿಲಾಸ’ವು ಅವರ ಸಾಧನೆಗೆ ಸಾಕ್ಷಿಯಾಗಿದೆ. ಅವರು ಮಾಡಿದುದೇನು? ಧಾಟಿಯನ್ನು ಇದ್ದಕ್ಕಿದ್ದ ಹಾಗೆ ಎತ್ತಿ ತಂದು ಸಭೆಯಲ್ಲಿ ಹಾಡಿದರೇ? ಇಲ್ಲ. ಅದರ ಒಳಗನ್ನು ಹೊಕ್ಕು, ಅದರಲ್ಲಿ ಅಡಗಿದ್ದ ನಿಯಮವನ್ನು ಕಂಡು, ಅದನ್ನು ಬೆಳೆಸಿದರು. ಈ ಭೇದವನ್ನು ವಾಚಕರು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಮುಂದಿನ ವಾದವೆಲ್ಲವೂ ಇದರ ಮೇಲೆಯೇ ನಿಂತಿದೆ.

ಏಕೆಂದರೆ ಎದುರು ಪಕ್ಷದವರ, ಅಂದರೆ ಆಟದ ಸಂಗೀತವನ್ನು ಹಾಡಿ ಹೊಗಳುವವರ ವಿಚಾರಣೆಯು ಈಗ ಬರುವುದು. ಇವರ ಕಛೇರಿಗಳಲ್ಲಿ ಹಲವು ಎಂತಿರುವುವೆಂದರೆ: ಹಿಂದೆ ದೊಡ್ಡ ಪರದೆಯ ಮೇಲೆ ಆಟದ ಚಿತ್ರಗಳು ಓಡುತ್ತಿರುವುವು, ಮುಂದೆ ಎಂಬತ್ತು ಜನರು ಕುಳಿತು, ಯಂತ್ರದಲ್ಲಿದ್ದುದನ್ನೇ ಯಥಾವತ್ತಾಗಿ ನುಡಿಸುವರು, ಮೊದಲ ನಾಲ್ಕು ಸ್ವರಗಳು ಕೇಳಿದೊಡನೆ ಸಭೆಯು ಕೇಕೆ ಹಾಕುವುದು. ಕೇಕೆಯು ಸಂಗೀತಕ್ಕಲ್ಲ, ಗುರುತಿಗೆ. ‘ಇದು ನಾನು ಹತ್ತನೆಯ ವಯಸ್ಸಿನಲ್ಲಿ ಆಡಿದ ಆಟ’ ಎಂಬ ಸ್ಮರಣೆಯ ಸುಖವೇ ಅಲ್ಲಿ ರಸದ ಸ್ಥಾನವನ್ನು ಆಕ್ರಮಿಸಿರುವುದು. ಅಭಿನವಗುಪ್ತಾಚಾರ್ಯರು ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಎಣಿಸುವಲ್ಲಿ, ಸ್ವಂತದ ಸುಖದುಃಖಗಳಿಗೆ ವಶವಾಗಿ ಹೋಗುವುದನ್ನೂ ಒಂದು ವಿಘ್ನವೆಂದೇ ಎಣಿಸಿರುವರು. ಸಹೃದಯನು ತನ್ನ ಮನೆಯ ನೆನಪಿನಲ್ಲಿ ಮುಳುಗಿದರೆ ಎದುರಿನ ಕೃತಿಯು ಅವನಿಗೆ ಕಾಣುವುದಿಲ್ಲ. ಆದುದರಿಂದಲೇ ಭಟ್ಟನಾಯಕನು ಸಾಧಾರಣೀಕರಣವನ್ನು ಹೇಳಿದುದು: ಭಾವವು ಇವನದು, ಅವನದು ಎಂಬ ಗಂಟನ್ನು ಬಿಚ್ಚಿಕೊಂಡು ಎಲ್ಲರದೂ ಆದಾಗಲೇ ರಸವು.

ಗುರುತಿನ ಸುಖವು ಪಾಪವೆಂದಲ್ಲ. ತೌರಿನ ಹಾಡನ್ನು ಕೇಳಿ ಕಣ್ಣೀರಿಡುವ ಸೊಸೆಯನ್ನು ಯಾರೂ ಹಳಿಯರು. ಆದರೆ ಆ ಕಣ್ಣೀರನ್ನು ತೋರಿಸಿ ‘ಇದು ಮಹಾಕಾವ್ಯ’ವೆಂದು ಸಾಧಿಸಹೊರಟರೆ ಅದು ವಾದವಾಗುವುದಿಲ್ಲ. ಮೂರು ಸ್ವರಧಾರೆಗಳಲ್ಲಿದ್ದ ಮಟ್ಟನ್ನು ಎಂಬತ್ತು ವಾದ್ಯಗಳಿಗೆ ಹಂಚಿದ ಮಾತ್ರಕ್ಕೆ ಹೊಸ ಕೃತಿಯಾಗಲಿಲ್ಲ. ಚಿಕ್ಕ ಚಿತ್ರವನ್ನು ಗೋಡೆಯಷ್ಟು ದೊಡ್ಡದು ಮಾಡಿದಂತಾಯಿತು. ದೊಡ್ಡದು ಮಾಡುವುದು ಬೇರೆ, ಬೆಳೆಸುವುದು ಬೇರೆ. ವಾದ್ಯವೃಂದದ ಘನತೆಯನ್ನು ಬಾಡಿಗೆಗೆ ತಂದು ಮಟ್ಟಿಗೆ ತೊಡಿಸುವವರು, ಮಟ್ಟಿನಲ್ಲಿ ಸ್ವಂತ ಘನತೆಯಿಲ್ಲವೆಂದು ತಾವೇ ಒಪ್ಪಿಕೊಂಡಂತೆ ಅಲ್ಲವೆ?

ಆದರೆ ಬೆಳೆಸಿದವರೂ ಇರುವರು. 2009ರಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಅಲ್ಲಿಯ ಆಕಾಶವಾಣಿಯ ವಾದ್ಯವೃಂದವು ನಡೆಸಿದ ‘ಸಿಂಫೋನಿಕ್ ಫ್ಯಾಂಟಸೀಸ್’ ಕಛೇರಿಯಲ್ಲಿ ಬಿಡಿಬಿಡಿ ಮಟ್ಟುಗಳನ್ನು ಮಾಲೆಯಾಗಿ ಕಟ್ಟದೆ ಒಂದೊಂದು ಆಟಕ್ಕೊಂದು ದೀರ್ಘವಾದ ಅಖಂಡ ರಚನೆಯನ್ನು ಕೊಟ್ಟರು. 2013ರಲ್ಲಿ ವುಪ್ಪರ್ಟಾಲ್ ನಗರದಲ್ಲಿ ಮೊದಲು ನುಡಿದ ‘ಫೈನಲ್ ಸಿಂಫನಿ’ಯು ಇನ್ನೂ ಮುಂದಕ್ಕೆ ಹೋಯಿತು. ಬಹುಮಟ್ಟಿಗೆ ತಾವೇ ಕಲಿತ ಜಪಾನಿನ ನೊಬುವೊ ಉಎಮತ್ಸು ಎಂಬವರು ‘ಫೈನಲ್ ಫ್ಯಾಂಟಸಿ’ ಎಂಬ ಆಟಗಳಿಗೆ ಕಟ್ಟಿದ ಮಟ್ಟುಗಳೇ ಅದರ ಮುಖ್ಯ ಮೂಲದ್ರವ್ಯ. ಫಿನ್ಲೆಂಡಿನ ಯೊನ್ನೆ ವಾಲ್ಟೊನೆನ್ ಅವುಗಳಿಂದ ಮೂರು ಭಾಗಗಳ ಸಿಂಫನಿಯನ್ನು ರಚಿಸಿದರು. ರೋಜರ್ ವಾನಾಮೊ ಒಂದು ವಾದ್ಯಕಾವ್ಯವನ್ನು ರಚಿಸಿದರು. ಜಪಾನಿನ ಮಸಾಶಿ ಹಮಾವುಜು ಪಿಯಾನೋ ಮತ್ತು ವೃಂದಗಳ ಸಂವಾದವಾದ ಕೃತಿಯನ್ನು ರಚಿಸಿದರು. ಅದೇ ವರ್ಷ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಅದನ್ನು ನುಡಿಸಿತು. ಅಲ್ಲಿ ಪರದೆಯಿಲ್ಲ, ಚಿತ್ರಗಳಿಲ್ಲ. ಮಟ್ಟು ಒಡೆದು ತುಂಡಾಗುವುದು. ಒಂದು ತುಂಡು ತಂತಿಗಳಲ್ಲಿ ಅಡಿಪಾಯವಾಗುವುದು, ಇನ್ನೊಂದು ಕಹಳೆಗಳಲ್ಲಿ ಪ್ರಶ್ನೆಯಾಗುವುದು. ಇಡೀ ಮಟ್ಟು ಬಹ್ವಂಶ ಮರೆಯಲ್ಲಿದ್ದು, ಕೇಳುಗನು ಕಾದ ಬಳಿಕ ಕಾಣಿಸುವುದು. ಆಟವನ್ನು ಆಡಿದವನ ಸ್ಮರಣೆಗೆ ಅಲ್ಲಿ ಸುಲಭವಾದ ಆಸರೆ ಸಿಕ್ಕುವುದಿಲ್ಲ. ಆಡದವನಿಗೆ ನಷ್ಟವೂ ಇಲ್ಲ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಕೇಳಬೇಕಾಗುವುದು.

ಇದೇ ಸಿದ್ಧಾಂತ. ರೂಪಾಂತರವೆಂಬ ಕ್ರಿಯೆಯು ಅಲಂಕಾರವಲ್ಲ, ಆಡಂಬರವೂ ಅಲ್ಲ. ಮಟ್ಟನ್ನು ಅದರ ಹುಟ್ಟಿನಿಂದ ಬಿಡಿಸುವ ಸಂಸ್ಕಾರವದು. ಅದು ನಡೆದ ಮೇಲೆ ಮಟ್ಟು ಆಟಿಕೆಯದೂ ಅಲ್ಲ, ಆಡಿದ ಹುಡುಗನದೂ ಅಲ್ಲ, ಮಾರಿದ ಸಂಸ್ಥೆಯದೂ ಅಲ್ಲ, ಕಿವಿಯುಳ್ಳವರೆಲ್ಲರದು. ಆದುದರಿಂದ ಹುಟ್ಟನ್ನು ತೋರಿಸಿ ಹಳಿಯುವವರೂ ಹುಟ್ಟನ್ನು ತೋರಿಸಿ ಹೊಗಳುವವರೂ ಒಂದೇ ತಪ್ಪನ್ನು ಮಾಡುತ್ತಿರುವರು. ಇಬ್ಬರೂ ಕುಲವನ್ನೇ ನೋಡುವರು. ಒಬ್ಬನು ಮೂಗು ಮುರಿಯುವನು, ಇನ್ನೊಬ್ಬನು ಕೈಮುಗಿಯುವನು, ಅಷ್ಟೇ ಭೇದ. ಕೃತಿಯನ್ನು ಇಬ್ಬರೂ ಕೇಳಲಿಲ್ಲ. ಕಬ್ಬೂರದ ಸುತ್ತಿನ ರೈತನಿಗೆ ಈ ವಿವೇಕವು ಹೆಚ್ಚಾಗಿದೆ. ಕೊಯಿಮತ್ತೂರಿನಲ್ಲಿ ಹುಟ್ಟಿಸಿದ ಕಬ್ಬಿನ ತಳಿಯನ್ನು ಅವನು ಪರಸ್ಥಳದ್ದೆಂದು ಬಿಡಲಿಲ್ಲ. ಪರಸ್ಥಳದ್ದೆಂಬ ಹೆಮ್ಮೆಗಾಗಿ ನೆಡಲೂ ಇಲ್ಲ. ಎಕರೆಗೆ ಎಷ್ಟು ಟನ್ನು, ರಸದಲ್ಲಿ ಎಷ್ಟು ಸಕ್ಕರೆ ಎಂದು ಕೇಳಿ ನೆಟ್ಟನು.

ಈ ವಾದದಿಂದ ಈ ಸೀಮೆಗೆ ಆಗತಕ್ಕದ್ದೇನೆಂದು ಕೆಲವರು ಕೇಳಬಹುದು. ಆಗತಕ್ಕದ್ದು ಬಹಳವಿದೆ. ಕುಲಗೋಡ ತಮ್ಮಣ್ಣನವರ ಹೆಸರಿನೊಡನೆ ಬೆಳೆದು, ಕೌಜಲಗಿ ನಿಂಗಮ್ಮನ ಕಂಠದಿಂದ ಊರೂರಿಗೆ ಮುಟ್ಟಿದ ಶ್ರೀಕೃಷ್ಣ ಪಾರಿಜಾತದ ಧಾಟಿಗಳು ಇಲ್ಲಿಯೇ ಕೈಯಳತೆಯಲ್ಲಿವೆ. ಮದುವೆಯ ಮೆರವಣಿಗೆಗಳಲ್ಲಿ ಸನಾದಿ, ಕರಡಿ, ತಾಳಗಳು ಕೂಡಿ ನುಡಿಯುವ ಕರಡಿಮಜಲು ಇದೆ. ಅದು ಈ ನಾಡಿನ ಕುತಪವೇ ಸರಿ. ಸುಶಿಕ್ಷಿತರ ಮನೆಗಳು ಇವುಗಳನ್ನು ಕೂಡ ‘ಹಳ್ಳಿಗರ ಗದ್ದಲ’ವೆಂದು ಬಹುಕಾಲ ಹೊರಗಿಟ್ಟುವು. ಹೊರಗಿಟ್ಟುದರಿಂದ ಅವು ಶುದ್ಧವಾಗಿ ಉಳಿಯಲಿಲ್ಲ; ಬೆಳೆಸುವವರಿಲ್ಲದೆ ಸೊರಗಿದುವು. ರಷ್ಯದ ಹಳೆಯ ಹಾಡೊಂದರ ಗತಿಯನ್ನು ಇದಕ್ಕೆ ಹೋಲಿಸಿ ನೋಡಬೇಕು. ಸರಕನ್ನು ಬೆನ್ನಿಗೆ ಹೊತ್ತು ಊರೂರು ತಿರುಗಿ ಮಾರುವವರನ್ನು ಕುರಿತು ನೆಕ್ರಾಸೋವ್ ಎಂಬ ಕವಿಯು 1861ರಲ್ಲಿ ಬರೆದ ಕವಿತೆಯು ಜನಪದರ ಬಾಯಲ್ಲಿ ಹಾಡಾಗಿತ್ತು. 1989ರಲ್ಲಿ ಅಂಗೈಯಲ್ಲಿ ಹಿಡಿಯುವ ಯಂತ್ರದ ‘ಟೆಟ್ರಿಸ್’ ಆಟದೊಳಗೆ ಅದರ ಧಾಟಿಯನ್ನಿಟ್ಟ ಮೇಲೆ ಅದನ್ನು ಅರಿಯದ ದೇಶವೇ ಇಲ್ಲವಾಯಿತು. ಆಟವು ಆ ಧಾಟಿಯನ್ನು ಕೊಲ್ಲಲಿಲ್ಲ, ಭೂಮಂಡಲವನ್ನೆಲ್ಲ ಸುತ್ತಿಸಿತು.

ಭಾರತದಲ್ಲಿಯೂ ಆಟಗಳನ್ನು ರಚಿಸುವವರಿಗೆ ಕೊರತೆಯಿಲ್ಲ. ಬೆಂಗಳೂರಿನಲ್ಲಿ 1997ರಲ್ಲಿಯೇ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆಯು ಆ ಉದ್ಯೋಗವನ್ನು ತೊಡಗಿತು. ಪುಣೆಯವರು 2020ರಲ್ಲಿ ಹೊರತಂದ ‘ರಾಜಿ’ ಎಂಬ ಆಟವು ದೇವಿಯ ಅನುಗ್ರಹವನ್ನು ಪಡೆದ ಬಾಲಿಕೆಯೊಬ್ಬಳ ಕಥೆ. ಪುರಾಣದ ವಾತಾವರಣ, ರಾಜಸ್ಥಾನದ ಕೋಟೆಗಳ ಛಾಯೆ. ಅದರ ಸಂಗೀತವನ್ನು ರಚಿಸಿದವರು ಲಿನೋಸ್ ಟ್ಜೆಲೋಸ್ ಎಂಬ ಗ್ರೀಕ್ ಸಂಗೀತಗಾರರು. ಅವರು ಚೆನ್ನಾಗಿಯೇ ಮಾಡಿರುವರು. ಅವರ ಮೇಲೆ ಆಕ್ಷೇಪವಿಲ್ಲ. ಆದರೆ ಮುಂದೊಂದು ದಿನ ಕಿತ್ತೂರಿನ ಕಥೆಯನ್ನೋ ಸಂಗೊಳ್ಳಿಯ ಕಥೆಯನ್ನೋ ಹಿಡಿದು ಯಾರಾದರೂ ಆಟವನ್ನು ಕಟ್ಟಿದರೆ, ಅದಕ್ಕೆ ಸನಾದಿಯ ಮಟ್ಟನ್ನು ಕೊಟ್ಟು, ಆ ಮಟ್ಟನ್ನು ವೃಂದಕ್ಕೆ ಬೆಳೆಸಬಲ್ಲವರು ಬೆಳಗಾವಿ ಜಿಲ್ಲೆಯಲ್ಲಿ ಸಿಕ್ಕುವರೇ ಎಂಬುದು ಕೇಳಲೇಬೇಕಾದ ಪ್ರಶ್ನೆ. ಇಂದು ಮಗನು ಆಟದ ಮಟ್ಟನ್ನು ಪೇಟಿಯ ಮೇಲೆ ಹುಡುಕಿ ನುಡಿಸಿದಾಗ ಪೇಟಿಯನ್ನು ಮುಚ್ಚಿಸುವ ಮನೆಗಳಿಂದ ಅಂಥವರು ಹುಟ್ಟಿ ಬರಲಾರರು.

ಆದಕಾರಣ ಹಿರಿಯರು ಮಾಡತಕ್ಕದ್ದು ಎರಡು ಕೆಲಸಗಳು. ಹುಡುಗನು ಮಟ್ಟನ್ನು ನುಡಿಸಿದರೆ ಅದು ಯಾವ ಆಟದ್ದೆಂದು ಗದರಿಸಿ ಕೇಳುವುದನ್ನು ಬಿಡಬೇಕು. ಅದರಷ್ಟೇ ಮುಖ್ಯವಾಗಿ, ಯಥಾವತ್ತಾಗಿ ನುಡಿಸಿದನೆಂದು ಬೆನ್ನು ತಟ್ಟುವುದನ್ನೂ ಬಿಡಬೇಕು. ‘ಇದನ್ನೇ ವಿಲಂಬಿತದಲ್ಲಿ ನುಡಿಸು, ಗಾಂಧಾರವನ್ನು ಕೋಮಲ ಮಾಡಿದರೆ ಏನಾಗುವುದೋ ನೋಡು, ಇದರ ಅರ್ಧವನ್ನು ಸನಾದಿಗೆ ಕೊಟ್ಟರೆ ಉಳಿದರ್ಧವನ್ನು ಯಾರಿಗೆ ಕೊಡುವೆ?’ ಎಂದು ಕೇಳಬೇಕು. ಹಾಳೆಯ ಮೇಲೆ ಸ್ವರಗಳನ್ನು ಬರೆದಿಡುವ ಅಭ್ಯಾಸವನ್ನು ಮಾಡಿಸಬೇಕು; ಅದಕ್ಕೆ ಬೆಲೆಯಿಲ್ಲದೆ ದೊರೆಯುವ ಗಣಕಯಂತ್ರದ ಸಾಧನಗಳೂ ಈಗ ಇವೆ. ಶಾಲೆಗಳ ವಾರ್ಷಿಕೋತ್ಸವದಲ್ಲಿ ಚಲನಚಿತ್ರದ ಹಾಡಿಗೆ ಕುಣಿಸುವ ಬದಲು ನಾಲ್ಕು ಪೇಟಿ, ಎರಡು ಕೊಳಲು, ಒಂದು ಕರಡಿಗಳಿಗೆ ಒಂದೇ ಮಟ್ಟಿನ ಐದು ರೂಪಾಂತರಗಳನ್ನು ಕಟ್ಟಿಸಿದರೆ ಖರ್ಚೇನೂ ಹೆಚ್ಚಾಗದು. ಐದರಲ್ಲಿ ನಾಲ್ಕು ಕೆಟ್ಟವಾಗುವುವು; ಒಂದು ಉಳಿಯುವುದು. ಉಳಿದ ಆ ಒಂದರ ಕುಲವನ್ನು ಮುಂದಿನವರು ಕೇಳಲಾರರು.